ಕಣ್ಣಿಗೆ ಕೆಲಸ ಕೊಟ್ಟಾಗ ಮಿದುಳಿನಲ್ಲಿ ಏನಾಗುತ್ತದೆ

ಹಲವು ವರ್ಷಗಳ ಹಿಂದೆ ನಾನು ಒಂದು ಸಣ್ಣ ಮಾಸಪತ್ರಿಕೆಗೆ ಕರಡಚ್ಚು ತಿದ್ದುತ್ತಿದ್ದೆ. ಆ ಕೆಲಸ ಮಾಡಿದವರು ಈ ಸಭೆಯಲ್ಲಿದ್ದರೆ ನಾನು ಹೇಳುವುದು ಅವರಿಗೆ ಕೂಡಲೇ ತಿಳಿಯುತ್ತದೆ. ಕಥೆಯ ಒಂದು ಪುಟವನ್ನು ಓದುಗನಾಗಿ ಓದಿದರೆ ಕಥೆ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಬಿಟ್ಟುಹೋದ ಒತ್ತು, ತಪ್ಪಿದ ದೀರ್ಘ, ಎರಡು ಸಲ ಅಚ್ಚಾದ ಪದ, ಯಾವುದೂ ಅರಿವಿಗೆ ಬರುವುದಿಲ್ಲ. ಅದೇ ಪುಟವನ್ನು ತಪ್ಪು ಹುಡುಕಲೆಂದು ಓದಿದರೆ ಒತ್ತು, ದೀರ್ಘ, ಅನುಸ್ವಾರಗಳೆಲ್ಲ ಎದ್ದು ನಿಲ್ಲುತ್ತವೆ, ಆದರೆ ಪುಟ ಮುಗಿದ ಮೇಲೆ ಕಥೆಯಲ್ಲಿ ಏನಾಯಿತೆಂದು ಯಾರಾದರೂ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಕಾಗದ ಅದೇ, ಶಾಯಿ ಅದೇ, ಬೆಳಕು ಅದೇ, ಕಣ್ಣೂ ಅದೇ. ಬದಲಾದದ್ದು ಮನಸ್ಸು ಹೊತ್ತುಕೊಂಡಿದ್ದ ಕೆಲಸವೊಂದೇ.

ಈ ಅನುಭವವನ್ನು ನಾವು ಸಾಮಾನ್ಯವಾಗಿ ಹೀಗೆ ವಿವರಿಸಿಕೊಳ್ಳುತ್ತೇವೆ: ಎರಡು ಸಲವೂ ಕಣ್ಣು ಎಲ್ಲವನ್ನೂ ಒಂದೇ ಬಗೆಯಲ್ಲಿ ನೋಡಿತು, ಆಮೇಲೆ ಮನಸ್ಸು ತನಗೆ ಬೇಕಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿತು. ನೋಟ ಮೊದಲು, ಆಯ್ಕೆ ಆಮೇಲೆ. ಈ ವಿವರಣೆ ಎಷ್ಟು ಸಹಜವಾಗಿದೆಯೆಂದರೆ ಅದನ್ನು ಅನುಮಾನಿಸಬೇಕೆಂದು ತೋಚುವುದೇ ಇಲ್ಲ. ಕಳೆದ ನಾಲ್ಕೈದು ದಶಕಗಳ ಸಂಶೋಧನೆ ಈ ವಿವರಣೆಯನ್ನು ಬಹುಮಟ್ಟಿಗೆ ಕೆಡವಿದೆ ಎಂಬುದನ್ನು, ಹಾಗೆ ಕೆಡವಿದ ಮೇಲೂ ಅದರಲ್ಲಿ ಎಷ್ಟು ಸತ್ಯ ಉಳಿದಿದೆ ಎಂಬುದನ್ನು ನಿಮ್ಮ ಮುಂದಿಡುವುದೇ ನನ್ನ ಇಂದಿನ ಕೆಲಸ.

ಮುಂದೆ ಹೋಗುವ ಮೊದಲು ನಮ್ಮ ನುಡಿಯ ಒಂದು ಸೌಲಭ್ಯವನ್ನು ಗಮನಿಸಿ. ‘ನಾನು ನೋಡುತ್ತೇನೆ’ ಎನ್ನುತ್ತೇವೆ, ಆದರೆ ‘ನನಗೆ ಕಾಣುತ್ತದೆ’ ಎನ್ನುತ್ತೇವೆ. ನೋಡುವುದು ನನ್ನ ಕೆಲಸ. ಕಾಣುವುದು ಆ ವಸ್ತು ನನಗೆ ಒದಗಿಬರುವ ಬಗೆ. ‘ಎಷ್ಟು ನೋಡಿದರೂ ಕಾಣಲಿಲ್ಲ’ ಎಂಬ ಮಾತಿನಲ್ಲಿ ನಮಗೆ ಯಾವ ವಿರೋಧವೂ ತೋರುವುದಿಲ್ಲ. ಅಷ್ಟೇ ಅಲ್ಲದೆ ರುಚಿ ನೋಡು, ಎತ್ತಿ ನೋಡು, ಕೇಳಿ ನೋಡು ಎಂದು ನೋಡುವ ಕ್ರಿಯೆಗೆ ಪರೀಕ್ಷಿಸುವ ಅರ್ಥವನ್ನೂ ಕೊಟ್ಟಿದ್ದೇವೆ. ಇವತ್ತು ನಾನು ಹೇಳುವ ಪ್ರಯೋಗಗಳನ್ನೆಲ್ಲ ಈ ಎರಡು ಕ್ರಿಯಾಪದಗಳ ನಡುವಿನ ದೂರವನ್ನು ಅಳೆಯುವ ಪ್ರಯತ್ನಗಳೆಂದು ತಿಳಿದುಕೊಂಡರೆ ದಾರಿ ತಪ್ಪುವುದಿಲ್ಲ.

ಎಲ್ಲರೂ ಒಮ್ಮೆ ತೋಳನ್ನು ನೇರವಾಗಿ ಮುಂದಕ್ಕೆ ಚಾಚಿ, ಹೆಬ್ಬೆರಳಿನ ಉಗುರನ್ನು ನೋಡಿ. ಆ ಉಗುರಿನ ಅಗಲ ನಿಮ್ಮ ಕಣ್ಣಿಗೆ ಹೆಚ್ಚು ಕಡಿಮೆ 2 ಡಿಗ್ರಿಯಷ್ಟು. ನಮ್ಮ ನೋಟ ಅತ್ಯಂತ ಸ್ಪಷ್ಟವಾಗಿರುವುದು ಅಷ್ಟು ಜಾಗದಲ್ಲಿ ಮಾತ್ರ. ಅದರಾಚೆ ವಿವರಗಳು ಬೇಗಬೇಗ ಮಸುಕಾಗುತ್ತವೆ. ಇಡೀ ಸಭಾಂಗಣ ಸ್ಪಷ್ಟವಾಗಿ ಕಾಣುತ್ತಿದೆ ಎಂದು ನಮಗೆ ಅನ್ನಿಸುವುದಕ್ಕೆ ಕಾರಣ, ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿದು ಆ ಪುಟ್ಟ ಕಿಟಕಿಯನ್ನು ಬೇರೆ ಬೇರೆ ಕಡೆಗೆ ತಿರುಗಿಸುತ್ತಿರುತ್ತದೆ. ಹಾಗಾದರೆ ಮುಂದಿನ ಜಿಗಿತ ಎಲ್ಲಿಗೆ ಎಂದು ತೀರ್ಮಾನಿಸುವವರು ಯಾರು?

ಈ ಪ್ರಶ್ನೆಗೆ ಮರೆಯಲಾಗದ ಉತ್ತರ ಕೊಟ್ಟವರು ಸೋವಿಯತ್ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್. ಅವರ ಸಂಶೋಧನೆ ರಷ್ಯನ್ ಭಾಷೆಯಲ್ಲಿ 1965ರಲ್ಲಿ, ಇಂಗ್ಲಿಷಿನಲ್ಲಿ 1967ರಲ್ಲಿ ಪುಸ್ತಕವಾಗಿ ಬಂತು. ಕಣ್ಣಿನ ಮೇಲೆ ಹೀರಿಕೊಂಡು ಕೂರುವ ಚಿಕ್ಕ ಬಟ್ಟಲಿನಂಥ ಸಾಧನಕ್ಕೆ ಪುಟಾಣಿ ಕನ್ನಡಿ ಅಂಟಿಸಿ, ಅದರಿಂದ ಪ್ರತಿಫಲಿಸಿದ ಬೆಳಕಿನ ಚಲನೆಯನ್ನು ಅವರು ದಾಖಲಿಸುತ್ತಿದ್ದರು. ನೋಡಲು ಕೊಟ್ಟದ್ದು ಇಲ್ಯಾ ರೇಪಿನ್ ಅವರ ಪ್ರಸಿದ್ಧ ವರ್ಣಚಿತ್ರ. ಅದರಲ್ಲಿ ಗಡಿಪಾರಾಗಿದ್ದ ಒಬ್ಬ ಮನುಷ್ಯ ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ ಮನೆಯೊಳಗೆ ಕಾಲಿಟ್ಟಿದ್ದಾನೆ. ಕುರ್ಚಿಯಿಂದ ಒಬ್ಬ ಹೆಂಗಸು ಅರ್ಧ ಎದ್ದಿದ್ದಾಳೆ, ಮೇಜಿನ ಬಳಿಯ ಮಕ್ಕಳು ತಲೆಯೆತ್ತಿದ್ದಾರೆ. ಒಬ್ಬನೇ ವೀಕ್ಷಕನಿಗೆ ಈ ಚಿತ್ರವನ್ನು ಏಳು ಸಲ, ಪ್ರತಿ ಸಲ ಮೂರು ನಿಮಿಷ ತೋರಿಸಲಾಯಿತು. ಮೊದಲ ಸಲ ಸುಮ್ಮನೆ ನೋಡು ಎಂದರು. ಆಮೇಲಿನ ಸಲಗಳಲ್ಲಿ ಒಂದೊಂದು ಕೆಲಸ: ಈ ಕುಟುಂಬದ ಆರ್ಥಿಕ ಸ್ಥಿತಿ ಹೇಗಿದೆ, ಇವರ ವಯಸ್ಸೆಷ್ಟು, ಈತ ಬರುವ ಮೊದಲು ಇವರು ಏನು ಮಾಡುತ್ತಿದ್ದರು, ಇವರ ಉಡುಪುಗಳನ್ನು ನೆನಪಿಟ್ಟುಕೋ, ಜನ ಮತ್ತು ವಸ್ತುಗಳು ಎಲ್ಲೆಲ್ಲಿವೆ ಎಂದು ನೆನಪಿಟ್ಟುಕೋ, ಈತ ಎಷ್ಟು ಕಾಲ ಮನೆಯಿಂದ ದೂರವಿದ್ದ ಎಂದು ಊಹಿಸು.

ಏಳು ಸಲವೂ ಕಣ್ಣು ನಡೆದ ದಾರಿಯನ್ನು ಗೆರೆಗಳಲ್ಲಿ ಮೂಡಿಸಿದಾಗ ಏಳು ಬೇರೆ ಬೇರೆ ನಕ್ಷೆಗಳು ಸಿಕ್ಕವು. ವಯಸ್ಸು ಕೇಳಿದಾಗ ಗೆರೆಗಳೆಲ್ಲ ಮುಖಗಳ ಮೇಲೆ ಗಂಟು ಹಾಕಿಕೊಂಡಿದ್ದವು. ಆರ್ಥಿಕ ಸ್ಥಿತಿ ಕೇಳಿದಾಗ ಬಟ್ಟೆಬರೆ, ಪೀಠೋಪಕರಣಗಳ ಕಡೆಗೂ ಹರಡಿದವು. ಎಷ್ಟು ಕಾಲ ದೂರವಿದ್ದ ಎಂದು ಕೇಳಿದಾಗ ಕಣ್ಣು ಬಂದವನ ಮುಖಕ್ಕೂ ಮನೆಯವರ ಮುಖಕ್ಕೂ ನಡುವೆ ಹೋಗಿ ಬಂದು ಮಾಡುತ್ತಲೇ ಇತ್ತು. ಈ ಕೊನೆಯ ನಕ್ಷೆಯ ಮುಂದೆ ನಾನು ಎಷ್ಟೋ ಹೊತ್ತು ಕುಳಿತಿದ್ದೇನೆ. ಅಗಲಿಕೆಯ ಅವಧಿಯನ್ನು ಎರಡು ಮುಖಗಳ ನಡುವೆ ಅಳೆಯಬೇಕು ಎಂದು ಆ ಕಣ್ಣಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ, ಏಕೆಂದರೆ ಈ ಊರಿನಲ್ಲಿ ಕ್ರಿಕೆಟ್ಟಿನ ಉದಾಹರಣೆ ಹೇಳದೆ ಹೋಗುವುದು ಸರಿಯಲ್ಲ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯೋಡ್ ಎಂಬ ಬ್ರಿಟಿಷ್ ವಿಜ್ಞಾನಿಗಳು 2000ದಲ್ಲಿ ಬ್ಯಾಟುಗಾರರ ಕಣ್ಣಿನ ಚಲನೆಯನ್ನು ಅಳೆದರು. ಚೆಂಡಿನ ಮೇಲೆ ಕಣ್ಣಿಡು ಎಂದು ತರಬೇತುದಾರರು ಮಕ್ಕಳಿಗೆ ಹೇಳುತ್ತಾರಲ್ಲ, ಬ್ಯಾಟುಗಾರರು ಹಾಗೆ ಮಾಡುತ್ತಿರಲಿಲ್ಲ. ಚೆಂಡು ಹೊರಟ ಕ್ಷಣವನ್ನು ನೋಡಿ, ಅದು ಪಿಚ್ ಆಗುವ ಜಾಗವನ್ನು ಊಹಿಸಿ, ಚೆಂಡಿಗಿಂತ ಮೊದಲೇ ಅವರ ಕಣ್ಣು ಆ ಜಾಗಕ್ಕೆ ಜಿಗಿದು ಕಾಯುತ್ತಿತ್ತು. ಪಳಗಿದ ಆಟಗಾರನ ಕಣ್ಣು ಇತರರಿಗಿಂತ ಬೇಗ ಜಿಗಿಯುತ್ತಿತ್ತು. ಇದೇ ಲ್ಯಾಂಡ್ ಅವರ ತಂಡ ಅದಕ್ಕೂ ಮೊದಲು, 1999ರಲ್ಲಿ, ಅಡುಗೆಮನೆಯಲ್ಲಿ ಚಹಾ ಮಾಡುವವರ ಕಣ್ಣನ್ನು ಹಿಂಬಾಲಿಸಿತ್ತು. ಅಲ್ಲಿಯೂ ಕಣ್ಣು ಕೈಗಿಂತ ಸುಮಾರು ಅರ್ಧ ಸೆಕೆಂಡು ಮುಂದಿರುತ್ತಿತ್ತು, ಚಹಾಕ್ಕೆ ಸಂಬಂಧವಿಲ್ಲದ ವಸ್ತುಗಳ ಮೇಲೆ ಅದು ನಿಲ್ಲುತ್ತಲೇ ಇರಲಿಲ್ಲ ಎನ್ನುವಷ್ಟು ಕಡಿಮೆ.

ಇಷ್ಟಕ್ಕೆ ನೀವು ಒಂದು ಆಕ್ಷೇಪ ಎತ್ತಬಹುದು, ಎತ್ತಲೇಬೇಕು. ಕಣ್ಣು ಬೇರೆ ಬೇರೆ ಕಡೆ ಹೋಗಿದ್ದರಿಂದ ಬೇರೆ ಬೇರೆ ಸಂಗತಿ ಕಂಡಿತು, ಅಷ್ಟೇ ತಾನೆ. ಕ್ಯಾಮೆರಾವನ್ನು ತಿರುಗಿಸಿದರೆ ಚಿತ್ರ ಬದಲಾಗುವುದರಲ್ಲಿ ಆಶ್ಚರ್ಯವೇನು? ಆದ್ದರಿಂದ ಕಣ್ಣನ್ನು ಅಲ್ಲಾಡದಂತೆ ನಿಲ್ಲಿಸಿ ನೋಡಬೇಕಾಗುತ್ತದೆ. ಹೀಗೆ ನೋಡಿದ ಮೊದಲಿಗರಲ್ಲಿ ಒಬ್ಬರು 19ನೆಯ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್. ಪೂರ್ತಿ ಕತ್ತಲಲ್ಲಿ ಅಕ್ಷರಗಳನ್ನು ಅಚ್ಚು ಮಾಡಿದ ಹಾಳೆಯೊಂದನ್ನು ಎದುರಿಗಿಟ್ಟು, ಹಾಳೆಯ ನಡುವಿನ ಬೆಳಕಿನ ಚುಕ್ಕಿಯ ಮೇಲೆ ದೃಷ್ಟಿ ನೆಟ್ಟು, ಮನಸ್ಸನ್ನು ಮಾತ್ರ ಹಾಳೆಯ ಒಂದು ಮೂಲೆಗೆ ಕಳುಹಿಸಿ ಅವರು ಕಾದಿದ್ದರು. ವಿದ್ಯುತ್ ಕಿಡಿ ಕಣ್ಣು ಜಿಗಿಯಲು ಸಮಯ ಕೊಡದಷ್ಟು ಬೇಗ ಹಾರಿ ಆರಿದಾಗ, ಮನಸ್ಸು ಹೋಗಿದ್ದ ಮೂಲೆಯ ಅಕ್ಷರಗಳನ್ನು ಅವರು ಓದಬಲ್ಲವರಾಗಿದ್ದರು, ಬೇರೆ ಕಡೆಯವನ್ನು ಓದಲಾಗುತ್ತಿರಲಿಲ್ಲ. ಕಣ್ಣುಗುಡ್ಡೆ ಕದಲದಿದ್ದರೂ ಕಾಣುವುದು ಬದಲಾಗಿತ್ತು. ಹಾಗಿದ್ದರೆ ಬದಲಾವಣೆ ಒಳಗೆಲ್ಲೋ ಆಗಿರಬೇಕು.

ಆ ಒಳಗಿನ ದಾರಿ ಹೀಗಿದೆ. ಅಕ್ಷಿಪಟದಿಂದ ಹೊರಟ ಸಂಕೇತಗಳು ಮಿದುಳಿನ ನಡುವಿರುವ ಥಲಾಮಸ್‌ನ ಒಂದು ಭಾಗವನ್ನು ಹಾದು, ತಲೆಯ ಹಿಂಬದಿಯಲ್ಲಿರುವ ಪ್ರಾಥಮಿಕ ದೃಷ್ಟಿ ಪ್ರದೇಶವನ್ನು ಸೇರುತ್ತವೆ. ವಿಜ್ಞಾನಿಗಳು ಅದನ್ನು ವಿ1 ಎನ್ನುತ್ತಾರೆ. ಅಲ್ಲಿಂದ ಮುಂದೆ ಒಂದಾದ ಮೇಲೊಂದು ಪ್ರದೇಶಗಳಿವೆ. ವಿ1ರ ನರಕೋಶಗಳು ಚಿಕ್ಕ ಗೆರೆಗಳಿಗೆ, ಅವುಗಳ ಓರೆಗೆ ಸ್ಪಂದಿಸುತ್ತವೆ ಎಂದು ತೋರಿಸಿದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಅವರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರ ಪ್ರಸಿದ್ಧ ಪ್ರಯೋಗಗಳು ನಡೆದದ್ದು ಅರಿವಳಿಕೆ ಕೊಟ್ಟ ಬೆಕ್ಕುಗಳ ಮೇಲೆ. ಅರಿವಳಿಕೆಯಲ್ಲಿರುವ ಬೆಕ್ಕಿಗೆ ಇಲಿ ಹಿಡಿಯುವ ಕೆಲಸವಿಲ್ಲ, ಹಾಲಿನ ಬಟ್ಟಲು ಹುಡುಕುವ ಕೆಲಸವೂ ಇಲ್ಲ. ದೃಷ್ಟಿಯ ಯಂತ್ರ ಹೇಗೆ ಕಟ್ಟಲ್ಪಟ್ಟಿದೆ ಎಂದು ತಿಳಿಯಲು ಆ ವಿಧಾನ ಅಗತ್ಯವಾಗಿತ್ತು. ಆದರೆ ಅದೇ ವಿಧಾನದಿಂದ, ನೋಟವೆಂದರೆ ಕೆಳಗಿನಿಂದ ಮೇಲಕ್ಕೆ ಮಾತ್ರ ಸಾಗುವ ಏಣಿ ಎಂಬ ಚಿತ್ರವೂ ಹಲವರ ಮನಸ್ಸಿನಲ್ಲಿ ಗಟ್ಟಿಯಾಯಿತು ಎಂದು ನನಗನ್ನಿಸುತ್ತದೆ.

ಆ ಚಿತ್ರಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1985ರಲ್ಲಿ. ಅಮೆರಿಕದ ಜೆಫ್ರಿ ಮೊರಾನ್ ಮತ್ತು ರಾಬರ್ಟ್ ಡೆಸಿಮೋನ್ ಎಚ್ಚರವಾಗಿರುವ, ಕೆಲಸ ಕಲಿತ ಕೋತಿಗಳ ಮಿದುಳಿನಲ್ಲಿ, ವಿ1ರ ಮುಂದಿರುವ ವಿ4 ಎಂಬ ದೃಷ್ಟಿ ಪ್ರದೇಶದಲ್ಲಿ, ಒಂದೊಂದೇ ನರಕೋಶದ ಸ್ಪಂದನವನ್ನು ಅಳೆದರು. ಒಂದು ನರಕೋಶಕ್ಕೆ ಕಾಣುವ ಪುಟ್ಟ ವಲಯದೊಳಗೆ ಎರಡು ಆಕಾರಗಳನ್ನಿಟ್ಟರು. ಒಂದು ಆ ನರಕೋಶಕ್ಕೆ ಪ್ರಿಯವಾದದ್ದು, ಇನ್ನೊಂದು ಅದು ಲೆಕ್ಕಿಸದೇ ಇರುವಂಥದ್ದು. ಕೋತಿ ಪ್ರಿಯವಾದದ್ದನ್ನು ಗಮನಿಸಿದಾಗ ನರಕೋಶ ಜೋರಾಗಿ ಸ್ಪಂದಿಸಿತು. ಅದೇ ಎರಡು ಆಕಾರಗಳು ಅದೇ ಜಾಗದಲ್ಲಿರುವಾಗ, ಕೋತಿಯ ಕಣ್ಣು ಕದಲದೆ ಗಮನ ಮಾತ್ರ ಇನ್ನೊಂದಕ್ಕೆ ಸರಿದಾಗ, ಸ್ಪಂದನ ಕುಸಿಯಿತು. ಗಮನಿಸುತ್ತಿರುವ ಆಕಾರದ ಸುತ್ತ ನರಕೋಶದ ವಲಯವೇ ಕುಗ್ಗಿದಂತೆ ಅದು ವರ್ತಿಸಿತ್ತು. ಗಮನಿಸಿ, ಇದು ನಿರ್ಧಾರ ತೆಗೆದುಕೊಳ್ಳುವ ಭಾಗವಲ್ಲ, ನೋಡುವ ಭಾಗ. ಆಯ್ಕೆ ನೋಟ ಮುಗಿದ ಮೇಲಲ್ಲ, ನೋಟದ ನಡುವೆಯೇ ನಡೆದಿತ್ತು.

ಅಂಗರಚನೆಯನ್ನು ನೋಡಿದರೆ ಇದು ಅಷ್ಟು ಅನಿರೀಕ್ಷಿತವೂ ಅಲ್ಲ. ಥಲಾಮಸ್‌ನ ದೃಷ್ಟಿಭಾಗದಿಂದ ಸಂಕೇತಗಳನ್ನು ಮುಂದಕ್ಕೆ ಸಾಗಿಸುವ ನರಕೋಶಗಳಿಗೆ ಬಂದು ಸೇರುವ ಕೂಡುತಾಣಗಳಲ್ಲಿ ಕಣ್ಣಿನಿಂದ ಬಂದವು ಹತ್ತರಲ್ಲಿ ಒಂದು ಪಾಲು, ಅಥವಾ ಅದಕ್ಕೂ ಕಡಿಮೆ. ಉಳಿದವುಗಳಲ್ಲಿ ದೊಡ್ಡ ಪಾಲು ಮಿದುಳಿನ ಹೊರಪದರದಿಂದ ಹಿಂದಿರುಗಿ ಬರುವ ಎಳೆಗಳದು. ಕಣ್ಣಿನ ಎಳೆಗಳು ಸಂಖ್ಯೆಯಲ್ಲಿ ಕಡಿಮೆಯಾದರೂ ಪ್ರಭಾವದಲ್ಲಿ ಪ್ರಬಲವಾದವು, ಸುದ್ದಿಯನ್ನು ಹೊತ್ತು ತರುವವು ಅವೇ. ಹಿಂದಿರುಗುವ ಎಳೆಗಳು ಆ ಸುದ್ದಿಯ ಏರಿಳಿತವನ್ನು ಹೊಂದಿಸುತ್ತವೆ. ಏಣಿಯ ಪ್ರತಿ ಮೆಟ್ಟಿಲಿನಲ್ಲೂ ಕೆಳಗಿಳಿಯುವ ದಾರಿ ಇದೆ ಎಂಬುದು ಇಲ್ಲಿ ಮುಖ್ಯ.

ಇನ್ನು ಮನುಷ್ಯರ ವಿಷಯಕ್ಕೆ ಬರೋಣ. ಮಿದುಳಿನ ಯಾವ ಭಾಗಕ್ಕೆ ರಕ್ತದ ಹರಿವು ಹೆಚ್ಚಿತೆಂದು ಎಫ್‌ಎಂಆರ್‌ಐ ಎಂಬ ವಿಧಾನದಿಂದ ತಲೆ ತೆರೆಯದೆಯೇ ತಿಳಿಯಬಹುದು. ಮುಖಗಳಿಗೆ ಹೆಚ್ಚಾಗಿ ಸ್ಪಂದಿಸುವ ಒಂದು ಪ್ರದೇಶವನ್ನು ನ್ಯಾನ್ಸಿ ಕಾನ್ವಿಶರ್ ಅವರ ತಂಡ 1997ರಲ್ಲಿ, ಮನೆ, ಬೀದಿಗಳಂಥ ಸ್ಥಳಗಳಿಗೆ ಸ್ಪಂದಿಸುವ ಇನ್ನೊಂದನ್ನು 1998ರಲ್ಲಿ ವಿವರಿಸಿತ್ತು. 1999ರಲ್ಲಿ ಅದೇ ಬಳಗದವರು ಒಂದು ಮುಖ ಮತ್ತು ಒಂದು ಮನೆಯ ಪಾರದರ್ಶಕ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು, ಒಂದನ್ನು ಸ್ಥಿರವಾಗಿ ಬಿಟ್ಟು ಇನ್ನೊಂದನ್ನು ಅತ್ತಿತ್ತ ಕದಲಿಸಿದರು. ಎರಡೂ ಇರುವುದು ಒಂದೇ ಜಾಗದಲ್ಲಿ, ಆದ್ದರಿಂದ ಕಣ್ಣಾಗಲಿ ಗಮನವಾಗಲಿ ಬೇರೆ ಮೂಲೆಗೆ ಹೋಯಿತು ಎನ್ನುವ ಹಾಗಿಲ್ಲ. ಮುಖವನ್ನು ಗಮನಿಸುವ ಕೆಲಸ ಕೊಟ್ಟಾಗ ಮುಖದ ಪ್ರದೇಶ, ಮನೆಯನ್ನು ಗಮನಿಸುವ ಕೆಲಸ ಕೊಟ್ಟಾಗ ಸ್ಥಳದ ಪ್ರದೇಶ ಹೆಚ್ಚು ಚುರುಕಾಯಿತು. ಕದಲಿಕೆಯನ್ನಷ್ಟೇ ಗಮನಿಸಿ ಎಂದಾಗಲೂ, ಕದಲುತ್ತಿದ್ದದ್ದು ಮುಖವಾಗಿದ್ದರೆ ಮುಖದ ಪ್ರದೇಶದ ಚಟುವಟಿಕೆ ಏರಿತು. ಕೇಳಿದ ಗುಣದ ಬೆನ್ನಿಗೇ ಇಡೀ ವಸ್ತು ಎದ್ದು ಬಂದಿತ್ತು. ಅದೇ ವರ್ಷ ಸಬೀನ್ ಕಾಸ್ಟ್ನರ್ ಮತ್ತು ಸಂಗಡಿಗರು, ಪರದೆಯ ಮೇಲೆ ಇನ್ನೂ ಏನೂ ಮೂಡದಿರುವಾಗ, ಮೂಡಲಿರುವ ಜಾಗವನ್ನು ಕಾಯುತ್ತಿರುವುದರಿಂದಲೇ ದೃಷ್ಟಿ ಪ್ರದೇಶಗಳಲ್ಲಿ ಚಟುವಟಿಕೆ ಏರುತ್ತದೆ ಎಂದು ತೋರಿಸಿದರು. ಬಸ್ಸಿಗೆ ಕಾಯುತ್ತಾ ರಸ್ತೆಯ ತಿರುವನ್ನೇ ನೋಡುತ್ತಿರುವಾಗ, ಬಸ್ಸು ಬರುವ ಮೊದಲೇ ಮಿದುಳಿನಲ್ಲಿ ಅದಕ್ಕೆ ಜಾಗ ಸಿದ್ಧವಾಗಿರುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಪ್ರಯೋಗ 2013ರದ್ದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜ್ಯಾಕ್ ಗ್ಯಾಲಂಟ್ ಅವರ ಪ್ರಯೋಗಾಲಯದಲ್ಲಿ ಟೋಲ್ಗಾ ಚುಕುರ್ ಮತ್ತು ಸಹೋದ್ಯೋಗಿಗಳು ಐದು ಜನರಿಗೆ ಚಲನಚಿತ್ರದ ತುಣುಕುಗಳನ್ನು ತೋರಿಸಿದರು. ಒಮ್ಮೆ ದೃಶ್ಯಗಳಲ್ಲಿ ಮನುಷ್ಯರನ್ನು ಹುಡುಕಬೇಕು, ಇನ್ನೊಮ್ಮೆ ವಾಹನಗಳನ್ನು. ಕಣ್ಣು ಮಾತ್ರ ನಡುವಿನ ಚುಕ್ಕಿಯ ಮೇಲೆ. ಹೊರಪದರದ ಸಾವಿರಾರು ಪುಟ್ಟ ಭಾಗಗಳು ಯಾವ ಯಾವ ಬಗೆಯ ವಸ್ತುಗಳಿಗೆ ಸ್ಪಂದಿಸುತ್ತವೆಂದು ಲೆಕ್ಕ ಹಾಕಿದಾಗ, ಆ ಒಲವು ಸ್ಥಿರವಾದದ್ದಲ್ಲ ಎಂದು ಕಂಡುಬಂತು. ಮನುಷ್ಯರನ್ನು ಹುಡುಕುವಾಗ ಹಲವು ಭಾಗಗಳು ಮನುಷ್ಯರ ಕಡೆಗೆ, ಮನುಷ್ಯರಿಗೆ ಅರ್ಥದಲ್ಲಿ ಹತ್ತಿರವಾದ ಪ್ರಾಣಿಗಳಂಥವುಗಳ ಕಡೆಗೆ ವಾಲಿಕೊಂಡವು. ವಾಹನ ಹುಡುಕುವಾಗ ವಾಹನಗಳ ಕಡೆಗೆ. ಹುಡುಕುತ್ತಿರುವ ವಸ್ತು ದೃಶ್ಯದಲ್ಲಿ ಇಲ್ಲದಿರುವಾಗಲೂ ಈ ವಾಲುವಿಕೆ ಇತ್ತು. ಮದುವೆಯ ಮನೆಯಲ್ಲಿ ಪಡಸಾಲೆ, ನಡುಮನೆ, ಹಿತ್ತಿಲುಗಳೆಲ್ಲ ಆ ಒಂದು ದಿನದ ಕೆಲಸಕ್ಕಾಗಿ ತಮ್ಮ ಉಪಯೋಗವನ್ನು ಬದಲಿಸಿಕೊಳ್ಳುತ್ತವಲ್ಲ, ಹಾಗೆ.

ಇಲ್ಲಿಗೆ ನಿಲ್ಲಿಸಿದರೆ ನಿಮ್ಮನ್ನು ತಪ್ಪು ದಾರಿಗೆ ಹಚ್ಚಿದಂತಾಗುತ್ತದೆ. ಮನುಷ್ಯ ತನಗೆ ಬೇಕಾದದ್ದನ್ನೇ ಕಾಣುತ್ತಾನೆ, ಹೊರಗಿನ ಜಗತ್ತು ಮನಸ್ಸಿನ ಕಟ್ಟುಕತೆ ಎಂಬ ತೀರ್ಮಾನಕ್ಕೆ ಕೆಲವರು ಈ ಪ್ರಯೋಗಗಳನ್ನು ಆಧಾರವಾಗಿ ಬಳಸುತ್ತಾರೆ. ಅದಕ್ಕೆ ಇವು ಆಧಾರ ಕೊಡುವುದಿಲ್ಲ. ಕೆಲಸದ ಪ್ರಭಾವ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿಲ್ಲ. ಬರ್ಕ್ಲಿಯ ಪ್ರಯೋಗದಲ್ಲಿಯೇ ಆರಂಭದ ದೃಷ್ಟಿ ಪ್ರದೇಶಗಳಲ್ಲಿ ಅದು ಕಡಿಮೆ, ಮುಂದಿನ ಪ್ರದೇಶಗಳಲ್ಲಿ ಹೆಚ್ಚು. ಕಾಲದ ಲೆಕ್ಕವಂತೂ ಇನ್ನೂ ಸ್ಪಷ್ಟ. ನೆತ್ತಿಯ ಮೇಲೆ ವಿದ್ಯುದ್ವಾರಗಳನ್ನಿಟ್ಟು ಅಳೆದಾಗ, ಚಿತ್ರ ಮೂಡಿದ ಸುಮಾರು 50ರಿಂದ 90 ಮಿಲಿಸೆಕೆಂಡುಗಳ ನಡುವೆ ವಿ1ರಿಂದ ಬರುವ ಮೊದಲ ಅಲೆಯನ್ನು ಗಮನ ಸಾಮಾನ್ಯವಾಗಿ ಬದಲಿಸುವುದಿಲ್ಲ. ಅದರ ಮುಂದಿನ ಅಲೆಯನ್ನು ಬದಲಿಸುತ್ತದೆ. ಆದರೆ ಎಫ್‌ಎಂಆರ್‌ಐ ಅಳತೆಗಳಲ್ಲಿ ವಿ1ರಲ್ಲೂ ಗಮನದ ಗುರುತು ಸಿಗುತ್ತದೆ. ಈ ಎರಡನ್ನೂ ಹೊಂದಿಸುವ ವಿವರಣೆ ಇದು: ಮೊದಲ ಸುದ್ದಿ ಹೆಚ್ಚು ಕಡಿಮೆ ಬಂದ ಹಾಗೆಯೇ ವಿ1ನ್ನು ಹಾದುಹೋಗುತ್ತದೆ, ಮೇಲಿನ ಪ್ರದೇಶಗಳಿಂದ ಇಳಿದು ಬರುವ ಉತ್ತರ ಸ್ವಲ್ಪ ತಡವಾಗಿ ಅಲ್ಲಿಗೆ ತಲುಪುತ್ತದೆ.

ಕೆಲಸಗಳನ್ನೇ ನೇರವಾಗಿ ಹೋಲಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಮಾರ್ಟಿನ್ ಹೆಬಾರ್ಟ್, ಕ್ರಿಸ್ ಬೇಕರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಅವೇ ವಸ್ತುಗಳ ಚಿತ್ರಗಳನ್ನು ನೋಡುತ್ತಾ ಒಮ್ಮೆ ಬಣ್ಣ ಅಥವಾ ಓರೆಯಂಥ ಹೊರಲಕ್ಷಣವನ್ನು, ಇನ್ನೊಮ್ಮೆ ಇದು ನಿಸರ್ಗದ್ದೋ ಮನುಷ್ಯ ಮಾಡಿದ್ದೋ ಎಂಬಂಥ ಅರ್ಥದ ಪ್ರಶ್ನೆಯನ್ನು ತೀರ್ಮಾನಿಸಬೇಕಿತ್ತು. ಮಿದುಳಿನ ಕಾಂತೀಯ ಸಂಕೇತಗಳನ್ನು ಕ್ಷಣಕ್ಷಣಕ್ಕೂ ಅಳೆದಾಗ, ವಸ್ತು ಯಾವುದು ಎಂಬ ಮಾಹಿತಿ ಬೇಗನೆ ಮೂಡಿತು, ಆ ಆರಂಭದ ಹಂತದಲ್ಲಿ ಅದು ಕೆಲಸಕ್ಕೆ ಬಾಗಲಿಲ್ಲ. ಕೆಲಸ ಅದನ್ನು ಮಾರ್ಪಡಿಸಿದ್ದು ತಡವಾಗಿ. ನೋಟ ಮೊದಲು, ಆಯ್ಕೆ ಆಮೇಲೆ ಎಂಬ ಹಳೆಯ ವಿವರಣೆಯಲ್ಲಿ ಉಳಿದಿರುವ ಸತ್ಯ ಇಷ್ಟು. ಮೊದಲು ಎನ್ನುವುದು ಸೆಕೆಂಡಿನ ಒಂದು ಸಣ್ಣ ಭಾಗ, ಆಮೇಲೆ ಎನ್ನುವುದು ನಮ್ಮ ಅರಿವಿನ ಬಹುಪಾಲು.

ಕೆಲಸಕ್ಕೆ ಮಣಿಯದ ಇನ್ನೊಂದು ಶಕ್ತಿ ರೂಢಿ. ‘ಕೆಂಪು’ ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದು, ಪದ ಓದಬೇಡಿ, ಬಣ್ಣ ಹೇಳಿ ಎಂದರೆ ನೀವು ತಡವರಿಸುತ್ತೀರಿ. ಜಾನ್ ರಿಡ್ಲಿ ಸ್ಟ್ರೂಪ್ ಇದನ್ನು ಇಂಗ್ಲಿಷ್ ಪದಗಳಲ್ಲಿ 1935ರಲ್ಲಿ ತೋರಿಸಿದರು. ಕನ್ನಡ ಓದಲು ಬಾರದವರಿಗೆ ನಮ್ಮ ಪದದಿಂದ ಯಾವ ತೊಡಕೂ ಇಲ್ಲ. ಓದಿನ ಅಭ್ಯಾಸ ಅಕ್ಷರಗಳು ಕಾಣುವ ಬಗೆಯನ್ನೇ ತಿದ್ದುತ್ತದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೆಲುಗು ಮತ್ತು ಮಲಯಾಳಂ ಓದುವವರನ್ನು ಹೋಲಿಸಿ, ತಾವು ಓದಬಲ್ಲ ಲಿಪಿಯಲ್ಲಿ ಅಕ್ಕಪಕ್ಕದ ಅಕ್ಷರಗಳು ಒಂದರ ಮೇಲೊಂದು ಬೀರುವ ಪ್ರಭಾವ ಕಡಿಮೆ, ಪ್ರತಿ ಅಕ್ಷರವೂ ಬಿಡಿಯಾಗಿ ಕಾಣುತ್ತದೆ ಎಂದು 2019ರಲ್ಲಿ ವರದಿ ಮಾಡಿದರು. ಈ ಕ್ಷಣದ ಕೆಲಸವೂ ವರ್ಷಗಳ ಅಭ್ಯಾಸವೂ ಒಂದೇ ದೃಷ್ಟಿವ್ಯವಸ್ಥೆಯನ್ನು ಬೇರೆ ಬೇರೆ ಕಡೆಗೆ ಎಳೆಯುತ್ತಿರುತ್ತವೆ.

ಇದೆಲ್ಲ ಪ್ರಯೋಗಾಲಯದ ಮಾತಾಗಿ ಉಳಿಯಬಾರದು ಎಂಬುದು ನನ್ನ ಕಳಕಳಿ, ಏಕೆಂದರೆ ನಾವು ಒಬ್ಬರನ್ನೊಬ್ಬರು ದೂಷಿಸುವ ರೀತಿಗೂ ಇದಕ್ಕೂ ಸಂಬಂಧವಿದೆ. ಚೆಂಡು ಎಷ್ಟು ಸಲ ಕೈ ಬದಲಾಯಿತೆಂದು ಎಣಿಸುತ್ತಿದ್ದ ವೀಕ್ಷಕರಲ್ಲಿ ಸುಮಾರು ಅರ್ಧ ಜನ, ಆಟಗಾರರ ನಡುವೆ ನಡೆದುಹೋದ ಗೊರಿಲ್ಲಾ ವೇಷಧಾರಿಯನ್ನು ಕಾಣಲೇ ಇಲ್ಲ ಎಂಬ 1999ರ ಪ್ರಯೋಗವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಅದರ ಮುಂದುವರಿಕೆಯನ್ನು ಬಲ್ಲವರು ಕಡಿಮೆ. 2013ರಲ್ಲಿ ಟ್ರಾಫ್ಟನ್ ಡ್ರೂ, ಜೆರೆಮಿ ವುಲ್ಫ್ ಮತ್ತು ಸಂಗಡಿಗರು 24 ಮಂದಿ ನುರಿತ ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸಿ.ಟಿ. ಸ್ಕ್ಯಾನ್‌ಗಳಲ್ಲಿ ಪುಟ್ಟ ಗಂಟುಗಳನ್ನು ಹುಡುಕುವ ಕೆಲಸ ಕೊಟ್ಟರು. ಒಂದು ಸ್ಕ್ಯಾನಿನಲ್ಲಿ, ಸರಾಸರಿ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರವನ್ನು ಸೇರಿಸಿದ್ದರು. 20 ಮಂದಿಗೆ ಅದು ಕಾಣಲಿಲ್ಲ. ಕಣ್ಣಿನ ಚಲನೆಯ ದಾಖಲೆ ತೆಗೆದು ನೋಡಿದರೆ, ಆ 20 ಮಂದಿಯಲ್ಲಿ ಹೆಚ್ಚಿನವರ ಕಣ್ಣು ನೇರವಾಗಿ ಗೊರಿಲ್ಲಾದ ಮೇಲೆಯೇ ನಿಂತಿತ್ತು. ನೋಡಿದ್ದರು, ಕಂಡಿರಲಿಲ್ಲ. ಅವರು ಉದಾಸೀನರಾಗಿರಲಿಲ್ಲ, ಗಂಟುಗಳನ್ನು ಹುಡುಕುವುದರಲ್ಲಿ ತಮ್ಮನ್ನು ಪೂರ್ತಿ ತೊಡಗಿಸಿಕೊಂಡಿದ್ದರು.

ವಾಹನ ಓಡಿಸುತ್ತಾ ಫೋನಿನಲ್ಲಿ ಮಾತಾಡುವವರ ವಿಷಯವೂ ಇಂಥದ್ದೇ. ಕೈಯಲ್ಲಿ ಹಿಡಿಯದಿದ್ದರೆ ಸಾಕು, ಕಣ್ಣು ರಸ್ತೆಯ ಮೇಲಿದ್ದರೆ ಸಾಕು ಎಂದು ನಾವು ನಂಬಿದ್ದೇವೆ. ಡೇವಿಡ್ ಸ್ಟ್ರೇಯರ್ ಅವರ ತಂಡ 2003ರಲ್ಲಿ ಕೃತಕ ಚಾಲನಾ ಯಂತ್ರದಲ್ಲಿ ಪರೀಕ್ಷಿಸಿದಾಗ, ಕೈ ಬಳಸದೆ ಫೋನಿನಲ್ಲಿ ಮಾತಾಡುತ್ತಿದ್ದವರು ದಾರಿಬದಿಯ ಫಲಕಗಳನ್ನು ಆಮೇಲೆ ಗುರುತಿಸುವುದರಲ್ಲಿ ಹಿಂದೆ ಬಿದ್ದರು, ಅವರ ದೃಷ್ಟಿ ಆ ಫಲಕಗಳ ಮೇಲೆ ನೇರವಾಗಿ ಬಿದ್ದಿದ್ದರೂ. ಅಪಘಾತದ ನಂತರ ‘ಅಡ್ಡ ಬಂದವರು ನನಗೆ ಕಾಣಲೇ ಇಲ್ಲ’ ಎನ್ನುವ ಚಾಲಕ ಸುಳ್ಳು ಹೇಳುತ್ತಿರಬೇಕಿಲ್ಲ. ಅವನ ಮಿದುಳು ಆಗ ಮಾತಿನ ಕೆಲಸದಲ್ಲಿತ್ತು, ಆ ಕೆಲಸವನ್ನು ಅದಕ್ಕೆ ಒಪ್ಪಿಸಿದ ಹೊಣೆ ಅವನದು.

ಹೀಗೆ ಯೋಚಿಸಿದರೆ ಪರಿಹಾರದ ದಿಕ್ಕೂ ಬದಲಾಗುತ್ತದೆ. ‘ಇನ್ನಷ್ಟು ಗಮನವಿಟ್ಟು ನೋಡು’ ಎಂದರೆ ಹಿಡಿದ ಕೆಲಸದಲ್ಲಿಯೇ ಕಣ್ಣು ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ಕಾಣದಿದ್ದದ್ದು ಕಾಣದೆಯೇ ಉಳಿಯಬಹುದು. ಅದೇ ಚಿತ್ರವನ್ನು ಬೇರೊಂದು ಪ್ರಶ್ನೆ ಹಿಡಿದು ಇನ್ನೊಮ್ಮೆ ನೋಡಬೇಕು, ಸಾಧ್ಯವಾದರೆ ಬೇರೊಬ್ಬರು ನೋಡಬೇಕು. ನಾನು ಕರಡಚ್ಚು ತಿದ್ದುತ್ತಿದ್ದ ಆ ಪತ್ರಿಕೆಯಲ್ಲಿ ಯಾರೂ ನರವಿಜ್ಞಾನ ಓದಿರಲಿಲ್ಲ. ಆದರೂ ಅಲ್ಲಿನ ಹಿರಿಯರು ಪ್ರತಿ ಪುಟವನ್ನೂ ಇಬ್ಬರಿಗೆ ಕೊಡುತ್ತಿದ್ದರು: ಒಬ್ಬರು ಅರ್ಥಕ್ಕಾಗಿ ಓದಬೇಕು, ಇನ್ನೊಬ್ಬರು ಕೊನೆಯ ಸಾಲಿನಿಂದ ಮೇಲಕ್ಕೆ, ಕಥೆ ಕಣ್ಣಿಗೆ ಸಿಕ್ಕದ ಹಾಗೆ, ಅಕ್ಷರಗಳನ್ನಷ್ಟೇ ಓದಬೇಕು. ನನ್ನ ಪಾಲಿಗೆ ಬಂದಿದ್ದದ್ದು ಎರಡನೆಯ ಕೆಲಸ. ಆ ವರ್ಷಗಳಲ್ಲಿ ನನ್ನ ಕೈಯಿಂದ ಹಾದುಹೋದ ಕಥೆಗಳಲ್ಲಿ ಎಷ್ಟೋ ನನಗೆ ಇಂದಿಗೂ ಗೊತ್ತಿಲ್ಲ.